ಪುರಸಭೆಯ ಅಂಗಳದಲ್ಲಿ ಸುಣ್ಣದ ಗೆರೆ

ದೀಪಾವಳಿ ಮುಗಿದ ಮೇಲಿನ ಮೊದಲ ಸಾಮಾನ್ಯ ಸಭೆ. ನನ್ನ ವಿಷಯ ಬಂದಾಗ ಸದಸ್ಯರೆಲ್ಲ ಚಹಾ ಕುಡಿಯುತ್ತಿದ್ದರು. ಅದಕ್ಕೇ ಇರಬೇಕು, ಯಾರೂ ತಕರಾರು ತೆಗೆಯಲಿಲ್ಲ. "ಸಂತೆಗೆ ಬರುವ ಮಹಿಳೆಯರಿಗಾಗಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಬಗ್ಗೆ" ಎಂದು ಕಚೇರಿಯ ವ್ಯವಸ್ಥಾಪಕರು ಓದಿದರು. ಎಲ್ಲರಿಗಿಂತ ಹಿರಿಯರಾದ ಸದಸ್ಯರೊಬ್ಬರು ಬಸಿಯಲ್ಲಿದ್ದ ಚಹಾ ಮುಗಿಸಿ, "ಆಗಲಿ, ಬೇಕಾದದ್ದ ಐತಿ" ಎಂದರು. ನಾಲ್ಕಾರು ಕೈಗಳು ಮೇಜು ಕುಟ್ಟಿದವು. ಠರಾವು ಪಾಸಾಯಿತು. ಮುಂದಿನ ವಿಷಯ ಊರೊಳಗಿನ ಹಂದಿಗಳ ಕಾಟ. ಅದರ ಮೇಲೆ ಊಟದ ಹೊತ್ತಿನವರೆಗೂ ಚರ್ಚೆ ನಡೆಯಿತು.

ನಾನು ಆಗ ಆ ಪುರಸಭೆಯಲ್ಲಿ ಕಿರಿಯ ಇಂಜಿನಿಯರ್. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸುಗಳು ಓಡಾಡುವ ಸೀಮೆಯಲ್ಲಿ, ದೊಡ್ಡ ಸಂತೆ ಕೂಡುವ ಒಂದು ಊರು ಎಂದರೆ ಸಾಕು. ನನ್ನ ಮನೆ ಬೆಟಗೇರಿಯಲ್ಲಿ. ನಮ್ಮ ಓಣಿಯ ಮಗ್ಗಗಳು ಸದ್ದು ಶುರುಮಾಡುವ ಹೊತ್ತಿಗೆ ಬುತ್ತಿ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದೆ.

ಚರಂಡಿ, ಕಾಂಕ್ರೀಟ್ ರಸ್ತೆ, ನೀರಿನ ಪೈಪು, ಇವೆಲ್ಲ ನನಗೆ ನಿತ್ಯದ ಕೆಲಸ. ಈ ಕೆಲಸ ಮಾತ್ರ ಬೇರೆ ಅನಿಸಿತ್ತು. ಸಂತೆಯ ದಿನ ಕೊರ್ಲಹಳ್ಳಿಯಿಂದ, ಹಿರೇವಡ್ಡಟ್ಟಿಯಿಂದ ಮೊದಲ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬರುವ ಹೆಂಗಸರು, ಸಂಜೆ ತಮ್ಮ ಊರು ಮುಟ್ಟುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಮಗಾರಿ ನಡೆಯುವಲ್ಲಿ ದಿನವಿಡೀ ಬಿಸಿಲಿಗೆ ನಿಲ್ಲುವ ನಾನೂ ನೀರಿನ ಬಾಟಲಿಯನ್ನು ತುಂಬಿದ್ದು ತುಂಬಿದಂತೆಯೇ ಮನೆಗೆ ಒಯ್ದ ದಿನಗಳಿದ್ದವು.

ಮರುದಿನವೇ ಅಳತೆಯ ಟೇಪು ಹಿಡಿದು ಹೊರಟೆ.

ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪುರಸಭೆಯ ಒಂದು ಖಾಲಿ ಜಾಗವಿತ್ತು. ಪಕ್ಕದಲ್ಲಿ ಖಾನಾವಳಿ. ಅದರ ಮಾಲೀಕರು ನನ್ನನ್ನು ಕಂಡು ಹೊರಗೆ ಬಂದರು. ಕಟ್ಟುವುದು ಏನೆಂದು ಹೇಳಿದೆ. ಅವರು ಕೈ ಮುಗಿದರು.

"ಅಕ್ಕಾರ, ನಿಮಗ ಪುಣ್ಯಾ ಬರ್ತೈತಿ. ಇಂಥಾದ್ದು ಬೇಕ ಬೇಕು. ಆದ್ರ ಸ್ವಲ್ಪ ಆ ಕಡೆ ಸರಕೋರಿ."

"ಎಷ್ಟು ಸರೀಬೇಕ್ರಿ?"

"ನನ್ನ ಕಣ್ಣಿಗೆ ಬೀಳಲಾರದಷ್ಟು ಸರದ್ರ ಸಾಕ್ರಿ. ಬಾಜೂಕ ಸಂಡಾಸ ಇಟಗೊಂಡ ರೊಟ್ಟಿ ಯಾರ ತಿಂತಾರ ಹೇಳ್ರಿ ನೀವ."

ಅಂದು ಅವರು ನನ್ನನ್ನು ಬಲವಂತವಾಗಿ ಕೂರಿಸಿ, ಬಿಸಿ ರೊಟ್ಟಿ, ಎಣಗಾಯಿ ಬಡಿಸಿ, ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ಆ ವಾರದ ಕೊನೆಗೆ ಆ ಸಾಲಿನ ಅಂಗಡಿಕಾರರೆಲ್ಲರ ಸಹಿ ಹಾಕಿಸಿ ಆಕ್ಷೇಪಣೆಯನ್ನೂ ಕೊಟ್ಟರು.

ಎರಡನೆಯ ಜಾಗ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿ. ಅಲ್ಲಿ ಇನ್ನೂ ಸಜ್ಜನಿಕೆ. ವ್ಯಾಪಾರಿಗಳು ನನ್ನನ್ನು ಗಾದಿಯ ಮೇಲೆ ಕೂರಿಸಿ ತಂಪು ಪಾನೀಯ ತರಿಸಿದರು. "ಬ್ಯಾರೆ ಎಲ್ಲೆರ ಕಟ್ಟೂದಾದ್ರ ನಾವ ದೇಣಿಗಿ ಕೊಡ್ತೀವ್ರಿ" ಎಂದರು. ಬೇರೆ ಎಲ್ಲಿ ಎಂದು ಕೇಳಿದರೆ ಇನ್ನೊಂದು ಬಾಟಲಿ ತರಿಸಿದರು. ಊರಿನಲ್ಲಿ ಒಬ್ಬರಾದರೂ 'ಬೇಡ' ಎಂದಿದ್ದರೆ ಜಗಳವಾಡಬಹುದಿತ್ತು. ಎಲ್ಲರೂ 'ಬೇಕು' ಎನ್ನುತ್ತಿದ್ದರು. ಬೇಕು ಎನ್ನುವವರ ಜೊತೆ ಹೇಗೆ ಜಗಳವಾಡುವುದು?

ಮೂರನೆಯದು ಕೆರೆಯ ದಂಡೆಯ ಜಾಗ. ಅಲ್ಲಿ ಆಕ್ಷೇಪಣೆ ಮಾಡುವವರೇ ಇರಲಿಲ್ಲ, ಏಕೆಂದರೆ ಅಲ್ಲಿ ಯಾರೂ ಇರಲಿಲ್ಲ. ಪೈಪು ಎಳೆಯಬೇಕು, ದೀಪದ ಕಂಬ ನೆಡಬೇಕು, ಅಂದಾಜು ವೆಚ್ಚ ಏರುತ್ತಿತ್ತು. ಆದರೂ ಸ್ಥಾಯಿ ಸಮಿತಿಯವರು ಹೂಂ ಎಂದರು. ನನಗೇ ಯಾಕೋ ಸಮಾಧಾನವಾಗಲಿಲ್ಲ. ಸಂತೆಯ ದಿನ, ಪುರಸಭೆಯ ಎದುರಿನ ಸಾಲಿನಲ್ಲಿ ಮೆಂತ್ಯ, ಸಬ್ಬಸಿಗೆ ಮಾರುತ್ತಿದ್ದ ಕೊರ್ಲಹಳ್ಳಿಯ ಒಬ್ಬ ಹೆಂಗಸನ್ನು ಕೇಳಿಕೊಂಡೆ: ಒಮ್ಮೆ ನನ್ನ ಜೊತೆ ಬಂದು ಜಾಗ ನೋಡುತ್ತೀರಾ ಎಂದು. ನನ್ನ ತಾಯಿಯ ವಯಸ್ಸಿನವಳು. ಪಕ್ಕದವಳಿಗೆ ಬುಟ್ಟಿ ಒಪ್ಪಿಸಿ ಎದ್ದು ಬಂದಳು. ಕೆರೆಯವರೆಗೆ ನಡೆದೆವು. ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

"ಇಲ್ಲಿತನಕ ಬಂದ ಹೊಳ್ಳಿ ಹೋಗೂದ್ರಾಗ ನನ್ನ ಮೆಂತ್ಯ ಬಾಡಿ ಹೋಕ್ಕೈತಿ, ಯವ್ವಾ. ಹೊತ್ತ ಮುಣಗಿದ ಮ್ಯಾಲಂತೂ ನಿನ್ನ ಗಂಡನ್ನ ಕರಕೊಂಡ ಬಂದ್ರೂ ನಾ ಬರಾಂಗಿಲ್ಲ ನೋಡು."

ನನಗೆ ಮದುವೆಯಾಗಿಲ್ಲ ಎಂದೆ. ಹಿಂದಿರುಗುವ ದಾರಿಯುದ್ದಕ್ಕೂ ಮಾತು ಆ ವಿಷಯದ್ದೇ ಆಯಿತು.

ಕೆರೆಯ ಜಾಗವನ್ನು ನಾನೇ ಕೈಬಿಟ್ಟೆ. ಮುಖ್ಯಾಧಿಕಾರಿಗಳು ಬೇಸರಪಟ್ಟುಕೊಂಡರು. ಮೈಸೂರು ಕಡೆಯವರು, ಮೃದು ಮಾತಿನವರು, ಕಡತದ ಮೇಲೆ ಧೂಳು ಕೂತರೂ ಸಹಿಸದವರು. "ಮಾರ್ಚ್ ಮುಗಿಯುವುದರೊಳಗೆ ಕೆಲಸದ ಆದೇಶ ಕೊಡದಿದ್ದರೆ ಅನುದಾನ ವಾಪಸ್ ಹೋಗುತ್ತಮ್ಮ. ಜಾಗ ಸಿಗದಿದ್ದರೆ ಅದನ್ನೇ ಚರಂಡಿಗೆ ಬದಲಾಯಿಸಿಕೊಳ್ಳೋಣ. ಚರಂಡಿ ತಮ್ಮ ಮನೆ ಮುಂದೆ ಬೇಡ ಅಂತ ಯಾರೂ ಅನ್ನೋದಿಲ್ಲ" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಸಂಕ್ರಾಂತಿ ಕಳೆದಿತ್ತು.

ಮುಂದಿನ ಸಂತೆಯ ದಿನ ಮಧ್ಯಾಹ್ನ ಸೊಪ್ಪಿನವಳು ಸೀದಾ ನನ್ನ ಮೇಜಿನ ಹತ್ತಿರ ಬಂದಳು.

"ಆವತ್ತ ನನ್ನ ಕೆರಿತನಕ ನಡಿಸಿದಿ. ಈಗ ನಿಮ್ಮ ಕಚೇರ್ಯಾಗ ಐತೇನ ಹೇಳ ಯವ್ವಾ."

ಕಾರಿಡಾರಿನ ತುದಿಯಲ್ಲಿ ಮಹಿಳಾ ಸಿಬ್ಬಂದಿಗೆಂದು ಒಂದು ಇತ್ತು. ಕೀಲಿಕೈ ನನ್ನ ಡ್ರಾಯರಿನಲ್ಲಿ ಇರುತ್ತಿತ್ತು. ತೆಗೆದು ಕೊಟ್ಟೆ. ಅವಳು ಹೋಗಿ ಬಂದಳು, ಮುಖ ತೊಳೆದು, ಸೆರಗಿನಿಂದ ಒರೆಸಿಕೊಳ್ಳುತ್ತ, "ನೀರ ಛಲೋ ಬರ್ತೈತಿ" ಎಂದು ಸರ್ಟಿಫಿಕೇಟ್ ಕೊಟ್ಟು ಹೋದಳು.

ಅದರ ಮುಂದಿನ ಸಂತೆಗೆ ಮೂವರು ಬಂದರು. ಮತ್ತೊಂದು ಸಂತೆಗೆ ಕಾರಿಡಾರಿನಲ್ಲಿ ಪಾಳಿ ಹಚ್ಚಿ ನಿಂತಿದ್ದರು. ಮನೆ ತೆರಿಗೆ ಕಟ್ಟಲು ಬಂದವರು ಸೌತೆಕಾಯಿ ಬುಟ್ಟಿಗಳನ್ನು ದಾಟಿಕೊಂಡು ಕೌಂಟರಿಗೆ ಹೋಗಬೇಕಾಯಿತು. ತೆರಿಗೆ ವಿಭಾಗದಲ್ಲಿ ಸಬ್ಬಸಿಗೆಯ ಘಮ. ಯಾರದೋ ಕೂಸು ಜನನ-ಮರಣ ನೋಂದಣಿಯ ಮೇಜಿನ ಕೆಳಗೆ ಹರಿದಾಡುತ್ತಿತ್ತು.

ಮುಖ್ಯಾಧಿಕಾರಿಗಳು ನನ್ನನ್ನು ಒಳಗೆ ಕರೆದರು. "ಏನಮ್ಮಾ ಇದು, ಕಚೇರಿಯೋ ಸಂತೆಯೋ?"

ಏನಾದರೂ ಸಮಜಾಯಿಷಿ ಹೇಳಬೇಕೆಂದು ಬಾಯಿ ತೆರೆದೆ. ಅವರ ಕುರ್ಚಿಯ ಹಿಂದಿನ ಕಿಟಕಿಯಿಂದ ಹೊರಗೆ ಕಾಣುತ್ತಿತ್ತು: ಪುರಸಭೆಯ ಅಂಗಳ, ಎದುರಿಗೆ ಸಂತೆಯ ರಸ್ತೆ, ಮೂಲೆಯಲ್ಲಿ ಸದಸ್ಯರ ವಾಹನಗಳಿಗೆಂದು ಹಾಕಿದ ಪತ್ರಾಸು ತಗಡಿನ ಶೆಡ್ಡು. ಶೆಡ್ಡಿನ ನೆರಳಿನಲ್ಲಿ ತಮ್ಮ ಪಾಳಿ ಕಾಯುತ್ತ ಹೆಂಗಸರು ಕೂತಿದ್ದರು.

"ಸರ್, ಜಾಗ ಸಿಕ್ಕಿತು" ಎಂದೆ.

"ಎಲ್ಲಿ?"

ಕೈ ಮಾಡಿ ತೋರಿಸಿದೆ. ಅವರು ಕುರ್ಚಿ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಅದು ಅಧ್ಯಕ್ಷರ ಕಾರು ನಿಲ್ಲುವ ಜಾಗ" ಎಂದರು.

"ಕಾರು ಎಲ್ಲಾದರೂ ನಿಲ್ಲುತ್ತದೆ ಸರ್."

"ಸಭೆ ಒಪ್ಪಿದರೆ ನನ್ನದೇನೂ ತಕರಾರಿಲ್ಲ" ಎಂದರು. ಆ ಧ್ವನಿಯಲ್ಲಿ ಸಭೆ ಒಪ್ಪುವುದಿಲ್ಲವೆಂಬ ನೆಮ್ಮದಿ ಇತ್ತು.

ಸಂಜೆ ಎಲ್ಲರೂ ಹೋದ ಮೇಲೆ ಶೆಡ್ಡನ್ನು ಅಳೆದೆ. ಇಪ್ಪತ್ನಾಲ್ಕು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಕಟ್ಟಡ ಸಲೀಸಾಗಿ ಕೂಡುತ್ತಿತ್ತು. ಕಚೇರಿಯ ಬೋರ್‌ವೆಲ್ ಅಲ್ಲೇ ಇತ್ತು, ಮೇಲಿನ ಟಾಕಿಯ ನೀರು ತಾನಾಗಿ ಇಳಿದು ಬರುತ್ತಿತ್ತು. ಕರೆಂಟು ಇತ್ತು, ಕಾವಲುಗಾರ ಇದ್ದ. ಆ ಊರಿಗೆ ಒಳಚರಂಡಿ ಇಲ್ಲದ್ದರಿಂದ ಸೆಪ್ಟಿಕ್ ಟ್ಯಾಂಕ್ ಬೇಕು. ಅದನ್ನು ಖಾಲಿ ಮಾಡುವ ಲಾರಿ ಪಕ್ಕದ ರಸ್ತೆಯಿಂದಲೇ ಪೈಪು ಹಾಕಬಹುದಿತ್ತು. ಗಂಡಸರಿಗೂ ಒಂದು ಮೂತ್ರಾಲಯ ಸೇರಿಸಿ, ಅದರ ಬಾಗಿಲನ್ನು ಆ ಪಕ್ಕದ ರಸ್ತೆಗೆ, ಹೆಂಗಸರ ಬಾಗಿಲನ್ನು ಅಂಗಳದೊಳಕ್ಕೆ ಇಡಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ಜಾಗ ನಮ್ಮದೇ. ಯಾವ ಇಲಾಖೆಯ ಒಪ್ಪಿಗೆಯೂ ಬೇಕಿರಲಿಲ್ಲ. ಹಳೆಯ ಅಂದಾಜಿನಲ್ಲಿ ಪೈಪಿಗೂ ಕಂಬಕ್ಕೂ ಇಟ್ಟಿದ್ದ ಹಣ ಪೂರಾ ಉಳಿಯುತ್ತಿತ್ತು.

ನಕಾಶೆ ಹಾಕುವಾಗ ಸೊಪ್ಪಿನವಳನ್ನೂ ಅವಳ ಸಾಲಿನವರನ್ನೂ ಕೂರಿಸಿಕೊಂಡು ಕೇಳಿದೆ. ಹತ್ತು ಬಾಯಿ ಒಮ್ಮೆಗೇ ಮಾತಾಡಿದವು. ಒಬ್ಬಳು ಚೀಲ ತೂಗು ಹಾಕಲು ಮೊಳೆ ಬೇಕೆಂದಳು. ಮಂಡಿನೋವಿನವಳು ಕುರ್ಚಿಯಂಥದ್ದು ಒಂದಾದರೂ ಇರಲಿ ಎಂದಳು. "ತಲಿಮ್ಯಾಲಿನ ಬುಟ್ಟಿ ಇಳಿಸಾಕ ಇನ್ನೊಬ್ಬಾಕಿ ಬೇಕಾಕ್ಕಾಳ. ಎದಿಮಟ ಒಂದ ಕಟ್ಟಿ ಕಟ್ಟಿಸ್ರಿ, ನಾವ ಸರಿಸ್ಕೋತೀವಿ" ಎಂದಳು ಮತ್ತೊಬ್ಬಳು. ಮೂಲೆಯಲ್ಲಿ ಬಾಣಂತಿಯೊಬ್ಬಳಿದ್ದಳು. ಕೂಸಿಗೆ ಹಾಲು ಕುಡಿಸುತ್ತ, ಸೆರಗು ಎಳೆದುಕೊಳ್ಳುತ್ತ ಕೂತಿದ್ದಳು. ಅವಳಿಗಾಗಿ ನಾನೇ ಒಂದು ಸಣ್ಣ ಕೋಣೆ ಬರೆದೆ.

ವಿಷಯಸೂಚಿ ಸದಸ್ಯರ ಮನೆಗೆ ಮುಟ್ಟಿದ ದಿನವೇ ಹಿರಿಯ ಸದಸ್ಯರು ಕಚೇರಿಗೆ ಬಂದರು. ಆ ಶೆಡ್ಡು ಅವರು ಹಿಂದೊಮ್ಮೆ ಅಧ್ಯಕ್ಷರಾಗಿದ್ದಾಗ ಹಾಕಿಸಿದ್ದು. ಎತ್ತರದ ಆಳು, ಬಿಳಿ ಧೋತರ, ದೊಡ್ಡ ಧ್ವನಿ.

"ಇಂಜಿನಿಯರ್‌ಬಾಯಿ, ಪುರಸಭಿ ಅಂದ್ರ ಊರಿನ ಮಾರಿ. ಮಾರಿ ಮ್ಯಾಲ ಸಂಡಾಸ ಕಟ್ಟತೀರೇನು? ಪರಊರಿನವರು ಬಂದ್ರ ನಗತಾರ."

ಊರಿನ ಮುಖ ಕೆಡುವುದಿಲ್ಲವೆಂದು ನಾನು ನಕಾಶೆ ಬಿಡಿಸಿ ತೋರಿಸಲು ಹೋದೆ. ಅವರು ನೋಡಲಿಲ್ಲ. "ನಿಮ್ಮ ಕಾಗದದಾಗ ಎಲ್ಲಾ ಛಂದನ ಇರ್ತೈತಿ" ಎಂದು ಎದ್ದು ಹೋದರು. ಹೆಚ್ಚಿನ ಸದಸ್ಯರು ಅವರ ಮಾತಿಗೆ ತಲೆಯಾಡಿಸುತ್ತಾರೆಂದು ಮುಖ್ಯಾಧಿಕಾರಿಗಳು ಹೇಳಿದರು. ಅವರೂ ತುಸು ಮರುಕದಿಂದಲೇ ಹೇಳಿದರು.

ಬಸ್ಸಿನಲ್ಲಿ ಬೆಟಗೇರಿಗೆ ಹೋಗುತ್ತ ಅವರ ಮಾತನ್ನೇ ಯೋಚಿಸುತ್ತಿದ್ದೆ. ಕಾಗದದಲ್ಲಿ ಎಲ್ಲವೂ ಚೆಂದವೇ. ಅವರ ತಲೆಯಲ್ಲಿದ್ದ ಶೌಚಾಲಯ ನನ್ನ ನಕಾಶೆಯದ್ದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೂಗು ಮುಚ್ಚಿಕೊಂಡು ದಾಟಿದ ಯಾವುದೋ ಹಳೆಯದು. ಅದರ ಜೊತೆ ಕಾಗದ ಹಿಡಿದು ವಾದಿಸಿ ಪ್ರಯೋಜನವಿಲ್ಲ. ಅಡಿಪಾಯಕ್ಕೆ ಮೊದಲು ನೆಲದ ಮೇಲೆ ಗೆರೆ ಹಾಕುತ್ತೇವೆ. ಆ ಕೆಲಸವನ್ನು ಠರಾವಿಗಿಂತ ಮೊದಲೇ ಮಾಡಿದರೆ? ಗದಗ ಮುಟ್ಟುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು. ಗೆರೆ ಹಾಕಲು ಯಾರ ಮಂಜೂರಾತಿಯೂ ಬೇಕಿಲ್ಲ. ಅಳಿಸಲು ಒಂದು ಕೊಡ ನೀರು ಸಾಕು.

ಸಭೆಯ ದಿನ ಮೊದಲ ಬಸ್ಸಿಗೇ ಬಂದೆ. ಗಾರೆ ಕೆಲಸ ಮಾಡುವ ನಮ್ಮ ಪರಿಚಯದ ಗೌಂಡಿಯನ್ನು ಬರಹೇಳಿದ್ದೆ. ಶೆಡ್ಡಿನ ಕೆಳಗೇ ಗೂಟ ಹೊಡೆದು, ದಾರ ಕಟ್ಟಿ, ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಮೂಲೆಮಟ್ಟ ನೋಡಿ, ಸುಣ್ಣದ ಪುಡಿಯಲ್ಲಿ ಗೋಡೆ ಎಳೆದೆವು. ಬಾಗಿಲು ಇರುವಲ್ಲಿ ಗೆರೆ ಬಿಟ್ಟೆವು. ಒಂದೊಂದು ಭಾಗದಲ್ಲೂ ದಪ್ಪ ಅಕ್ಷರದಲ್ಲಿ ಬರೆದೆ: ಬಾಗಿಲ ಹೊರಗೆ ಬುಟ್ಟಿ ಕಟ್ಟೆ, ಒಳಗೆ ಕೈ ತೊಳೆಯುವುದು, ಅಜ್ಜಿಯರದು, ಕೂಸಿನ ಕೋಣೆ. ಗೌಂಡಿ ನಕ್ಕು, "ರಂಗೋಲಿ ಛಂದ ಆತ್ರಿ" ಎಂದ.

ಸದಸ್ಯರು ಒಬ್ಬೊಬ್ಬರಾಗಿ ಬಂದರು. ಬೈಕು, ಕಾರು ಗೇಟಿನಲ್ಲೇ ನಿಂತವು. ಬಿಳಿ ಗೆರೆಯ ಮೇಲೆ ಗಾಲಿ ಹತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ. ಹೊರಗೆ ರಸ್ತೆಯಲ್ಲಿ ಹಾರ್ನಿನ ಗದ್ದಲ. "ಏನ್ರಿ ಇದು?" ಎಂದು ಮೊದಲು ಸಿಟ್ಟಾದರು. ಆಮೇಲೆ ಓದಿದರು. ಓದಿದ ಮೇಲೆ ಒಳಗೆ ಕಾಲಿಟ್ಟರು.

ಮೊದಲು ಒಳಗೆ ಹೋದವರು ಮಹಿಳಾ ಸದಸ್ಯರು. ಒಬ್ಬಾಕೆ ಗೆರೆ ದಾಟಿ ಬರಹೋದಾಗ ಇನ್ನೊಬ್ಬಾಕೆ, "ಗ್ವಾಡಿ ಹಾಯ್ದ ಬರ್ತೀಯೇನ? ಬಾಗಲಾ ಆ ಕಡೆ ಐತಿ ನೋಡ" ಎಂದು ಗದರಿದಳು. ಎಲ್ಲರೂ ನಕ್ಕರು, ಆಕೆ ನಿಜಕ್ಕೂ ಸುತ್ತು ಹಾಕಿ ಬಾಗಿಲಿನಿಂದ ಬಂದಳು. ಸಭೆಯಲ್ಲಿ ಇವರಲ್ಲಿ ಕೆಲವರಿಗೆ ಗಂಡಂದಿರು ಹಿಂದೆ ಕೂತು ಏನು ಮಾತಾಡಬೇಕೆಂದು ಹೇಳಿಕೊಡುವುದಿತ್ತು. ಅವತ್ತು ಆ ಗಂಡಂದಿರು ಗೇಟಿನ ಹತ್ತಿರವೇ ಉಳಿದರು. ಈ ವಿಷಯದಲ್ಲಿ ಹೇಳಿಕೊಡಲು ಅವರಿಗೆ ಏನೂ ಗೊತ್ತಿರಲಿಲ್ಲ. ಕೂಸಿನ ಕೋಣೆಗೆ ಪಡದೆ ಬೇಕೋ ಬಾಗಿಲು ಬೇಕೋ ಎಂದು ನಾಲ್ವರು ಸದಸ್ಯೆಯರು ಅಲ್ಲೇ ನಿಂತು ವಾದಕ್ಕಿಳಿದರು. ಎಂದೂ ಬಾಯಿ ತೆರೆಯದವರೂ ಅವರಲ್ಲಿದ್ದರು.

ಹಿರಿಯ ಸದಸ್ಯರು ಹೊರಗೆ ಕೈ ಕಟ್ಟಿ ನಿಂತಿದ್ದರು. ನಮ್ಮ ಅಧ್ಯಕ್ಷೆ, ಕಿರಾಣಿ ಅಂಗಡಿ ನಡೆಸುವ ಮನೆತನದ, ಮಿತ ಮಾತಿನ ಹೆಂಗಸು, ಅವರನ್ನು ನೋಡಿ ಮೆಲ್ಲಗೆ, "ಕಾಕಾ, ನೀವು ಸೆಪ್ಟಿಕ್ ಟ್ಯಾಂಕಿನ ಮ್ಯಾಲ ನಿಂತೀರಿ" ಎಂದರು.

ಅವರು ಧೋತರ ಎತ್ತಿ ಪಕ್ಕಕ್ಕೆ ಜಿಗಿದರು. ಅಂಗಳವೆಲ್ಲ ಘೊಳ್ಳೆಂದಿತು. ಸ್ವಲ್ಪ ತಡೆದು ಅವರೂ ನಕ್ಕರು. ಆದರೆ ತಮ್ಮ ಮಾತು ಬಿಡಲಿಲ್ಲ.

"ನಗರಿ, ನಗರಿ. ಆದ್ರೂ ಇದು ಊರಿನ ಮಾರಿ."

"ಖರೆ ಕಾಕಾ" ಎಂದರು ಅಧ್ಯಕ್ಷೆ. ಅವರ ನಗು ನಿಂತಿತ್ತು. "ಸಂತಿಗೆ ಬಂದ ಹೆಣ್ಣಮಕ್ಕಳು ಈ ಕಾಂಪೌಂಡ ಗ್ವಾಡಿ ಹಿಂದ ಹೋಗಿ, ಒಬ್ಬಾಕಿಗೆ ಒಬ್ಬಾಕಿ ಸೆರಗ ಹಿಡಕೊಂಡ ಕುಂಡ್ರತಾರಲ್ಲ, ಆವಾಗ ಊರಿನ ಮಾರಿ ಎಲ್ಲೆ ಇಡೂದ್ರಿ? ನಾನೂ ಮದುವಿ ಆಗಿ ಬಂದ ಹೊಸದಾಗಿ ಅಂಗಡ್ಯಾಗ ಕುಂತಾಗ ಹಂಗ ಹೋಗೀನಿ."

ಹಿರಿಯ ಸದಸ್ಯರು ನೆಲ ನೋಡಿದರು, ಬಾಗಿಲಿನ ಕಡೆ ನಡೆದು ಒಳಗೆ ಬಂದರು. ಮಧ್ಯದಲ್ಲಿ ನಿಂತು ಆ ಗೋಡೆಯಿಂದ ಈ ಗೋಡೆಗೆ ಕಣ್ಣಳತೆ ಮಾಡಿದರು.

"ಇಷ್ಟ ಏನು?"

"ಇಷ್ಟ ರೀ" ಎಂದೆ.

"ನಾ ಕಲ್ಯಾಣಮಂಟಪದಷ್ಟ ಅಂದ್ಕೊಂಡಿದ್ದೆ."

ಕಾಯಿದೆಯ ಪ್ರಕಾರ ಸಭೆ ಸಭಾಂಗಣದಲ್ಲೇ ಆಗಬೇಕು. ಎಲ್ಲರೂ ಒಳಗೆ ಹೋಗಿ ಕೂತರು. ಜಾಗದ ಮೇಲೆ ಚರ್ಚೆ ಬೇಗ ಮುಗಿಯಿತು. ಬಳಕೆ ಶುಲ್ಕದ ಉಪವಿಧಿಯ ಮೇಲೆ ಹತ್ತಿಕೊಂಡಿತು. ಕರಡಿನಲ್ಲಿ ಗಂಡಸರ ಮೂತ್ರಾಲಯ ಉಚಿತ, ಮಹಿಳೆಯರಿಗೆ ಐದು ರೂಪಾಯಿ ಎಂದಿತ್ತು. ಬೇರೆ ಊರುಗಳ ಉಪವಿಧಿ ನೋಡಿ ಬರೆದದ್ದು, ನಾನೂ ಗಮನಿಸದೆ ಮುಂದಿಟ್ಟಿದ್ದೆ. ಎಲ್ಲರಿಗಿಂತ ಕಿರಿಯ ಸದಸ್ಯೆ ಎದ್ದು ನಿಂತಳು.

"ಅವರಿಗೆ ಪುಕ್ಕಟ, ನಮಗ ರೊಕ್ಕ. ಯಾವ ನ್ಯಾಯಾರೀ ಇದು? ಒಂದ ಸಿವುಡು ಕೊತ್ತಂಬರಿ ಮಾರಿದ್ರ ಐದ ರೂಪಾಯಿ ಬರ್ತಾವು."

ಪುಕ್ಕಟೆ ಮಾಡಿದರೆ ಸ್ವಚ್ಛತೆಯ ಖರ್ಚು ಎಲ್ಲಿಂದ ಎಂದು ಮುಖ್ಯಾಧಿಕಾರಿಗಳು ಕೇಳಿದರು. ತೆರಿಗೆ ಬಾಕಿಯ ಕಥೆ ಎಲ್ಲರಿಗೂ ಗೊತ್ತಿತ್ತು. ನೋಡಿಕೊಳ್ಳುವವರಿಲ್ಲದೆ ಬೀಗ ಬಿದ್ದ ಶೌಚಾಲಯಗಳನ್ನೂ ಎಲ್ಲರೂ ಕಂಡಿದ್ದರು. ಆಗ ಹಿರಿಯ ಸದಸ್ಯರು ಕೈ ಎತ್ತಿದರು.

"ರಸ್ತಾದ ಕಡೆ ಗ್ವಾಡಿಗೆ ಹಚ್ಚಿ ಎರಡ ಸಣ್ಣ ಮಳಿಗಿ ತಗೀರಿ. ಲಿಲಾವು ಮಾಡ್ರಿ. ಬಂದ ಬಾಡಗಿ ಪುರಸಭಿ ಖಜಾನಿಗೆ ಕೂಡಿಸಬ್ಯಾಡ್ರಿ, ಅದಕ್ಕ ಬ್ಯಾರೆ ಖಾತೆ ಮಾಡ್ರಿ. ಅದು ಈ ಕೆಲಸಕ್ಕ ಅಷ್ಟ. ಹೆಣ್ಣಮಕ್ಕಳ ಕಡೆ ರೊಕ್ಕ ಇಸಗೊಳ್ಳೂದು ಬ್ಯಾಡ." ಕೂರುವ ಮೊದಲು, "ನನ್ನ ಶೆಡ್ಡಿನ ಪತ್ರಾಸು ಮಾತ್ರ ಗುಜರಿಗೆ ಹಾಕಬ್ಯಾಡ್ರಿ, ಗಟ್ಟಿ ಅದಾವ" ಎಂದರು.

ಶೆಡ್ಡು ಕಟ್ಟಿಸಿದವರೇ ಶೆಡ್ಡು ಕೆಡವುವ ಠರಾವಿಗೆ ಸೂಚಕರಾದರು. ಅನುಮೋದಿಸಲು ಎಷ್ಟೋ ಕೈಗಳು ಎದ್ದವು. ವ್ಯವಸ್ಥಾಪಕರು ಯಾರ ಹೆಸರು ಬರೆಯುವುದೆಂದು ತಿಳಿಯದೆ ಅಧ್ಯಕ್ಷೆಯ ಮುಖ ನೋಡಿದರು. ಹೊರಗೆ ಬಂದರೆ ಅಂಗಳದ ಗೆರೆಗಳೆಲ್ಲ ಕಾಲಡಿ ಸಿಕ್ಕು ಕಲೆಸಿಹೋಗಿದ್ದವು. ನಾನು ಗೇಟಿನಾಚೆ ಓಡಿಹೋಗಿ ಪೇಡೆ ತಂದು ತೆರಿಗೆ ವಿಭಾಗದಿಂದ ನೀರು ಬಿಡುವವರವರೆಗೆ ಎಲ್ಲರಿಗೂ ಹಂಚಿದೆ.

ಟೆಂಡರ್ ಕರೆದು, ದರ ತಾಳೆ ನೋಡಿ, ಮಾರ್ಚ್ ಮುಗಿಯುವುದರೊಳಗೆ ಕೆಲಸದ ಆದೇಶ ಹೊರಬಿತ್ತು. ಯುಗಾದಿಯ ಬೇವು-ಬೆಲ್ಲ ತಿಂದು ಕೆಲಸ ಶುರುಮಾಡಿದೆವು. ಸೆಪ್ಟಿಕ್ ಟ್ಯಾಂಕಿಗೆಂದು ಅಗೆಯುತ್ತಿದ್ದಾಗ ಗುದ್ದಲಿ ಟಣ್ ಎಂದಿತು. ಎರೆಮಣ್ಣಿನ ಕೆಳಗೆ ಒಂದು ಅಗಲ ಚಪ್ಪಡಿ. ಅದನ್ನು ಮೀಟಿದರೆ ಕೆಳಗೆ ಕತ್ತಲು, ದೊಡ್ಡ ಟೊಳ್ಳು.

ಸುದ್ದಿ ಊರು ತುಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪುರಸಭೆಯ ಅಂಗಳದಲ್ಲಿ ನಿಧಿ! ಬಂಗಾರದ ಕೊಡವಂತೆ, ಒಂದಲ್ಲ ಏಳಂತೆ. ಕಾಂಪೌಂಡಿನ ಮೇಲೆಲ್ಲ ಜನ ಹತ್ತಿ ಕೂತರು. ಕೆಲಸ ನಿಲ್ಲಿಸಿ ತಹಶೀಲ್ದಾರ ಕಚೇರಿಗೆ ತಿಳಿಸಿದೆವು. ಅವರು ಬಂದರು. ಹಳೆಯ ಟೊಳ್ಳಿನೊಳಗೆ ಕೆಟ್ಟ ಗಾಳಿ ಇರುತ್ತದೆಂದು ಮೊದಲು ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿದೆವು. ತಕ್ಷಣ ಆರಿತು. ಒಂದು ದಿನ ಬಾಯಿ ತೆರೆದಿಟ್ಟು ಮತ್ತೆ ಇಳಿಸಿದಾಗ ದೀಪ ಉರಿಯುತ್ತಲೇ ಇತ್ತು. ಗೌಂಡಿ ಏಣಿ ಹಾಕಿ ಇಳಿದ.

"ಏನೈತಿಲೇ?" ಎಂದು ಕಾಂಪೌಂಡಿನ ಮೇಲಿನಿಂದ ಯಾರೋ ಕೂಗಿದರು.

"ಹೊಟ್ಟು!" ಎಂಬ ದನಿ ಕೆಳಗಿನಿಂದ ಬಂತು. "ಜೋಳದ ಹೊಟ್ಟು!"

ಅದು ಹಗೇವು. ಹಿಂದಿನವರು ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದ ನೆಲದೊಳಗಿನ ಕಣಜ. ಪುರಸಭೆ ಕಟ್ಟುವ ಮೊದಲು ಅಲ್ಲಿ ಯಾರದೋ ವಾಡೆ ಇತ್ತಂತೆ. ಜನ ನಿರಾಶರಾಗಿ ಇಳಿದು ಹೋದರು. ನನಗೆ ಮಾತ್ರ ನಿಧಿಯೇ ಸಿಕ್ಕಿತ್ತು. ತಹಶೀಲ್ದಾರ ಕಚೇರಿಯವರು ಪಂಚನಾಮೆ ಬರೆದು ಕೆಲಸ ಮುಂದುವರಿಸಿ ಎಂದ ಮೇಲೆ, ಅದರ ಬಾಯಿ ಅಗಲಿಸಿ, ಒಳಗೇ ಇಟ್ಟಂಗಿ ಗೋಡೆ ಎಬ್ಬಿಸಿ, ನಡುವೆ ಅಡ್ಡಗೋಡೆ ಹಾಕಿ ಸೆಪ್ಟಿಕ್ ಟ್ಯಾಂಕ್ ಮಾಡಿದೆವು. ಗಟ್ಟಿ ಗರಸು ಮಣ್ಣು ಅಗೆಯುವ ಕೆಲಸವನ್ನು ಆ ಪುಣ್ಯಾತ್ಮರು ಯಾವ ಕಾಲದಲ್ಲೋ ಮಾಡಿ ಮುಗಿಸಿದ್ದರು. ಅಗೆತದಲ್ಲಿ ಉಳಿದ ಹಣದಿಂದ, ತಿದ್ದಿದ ಅಂದಾಜು ಮಂಜೂರು ಮಾಡಿಸಿ, ಗೋಡೆಗೆ ಆಳೆತ್ತರ ಬಿಳಿ ಟೈಲ್ಸ್ ಹಚ್ಚಿಸಿದೆ.

ಮಳಿಗೆಗಳ ಹರಾಜು ನಡೆದ ದಿನ ಸಭಾಂಗಣದ ಮೊದಲ ಸಾಲಿನಲ್ಲಿ ಖಾನಾವಳಿಯ ಮಾಲೀಕರು ಕೂತಿದ್ದರು. ಒಬ್ಬರು ಒಂದು ದರ ಕೂಗಿದರೆ ಇವರು ಅದಕ್ಕಿಂತ ಮೇಲೆ. ಪಟ್ಟು ಬಿಡಲೇ ಇಲ್ಲ. ಮೂಲೆಯ ಮಳಿಗೆ ಅವರಿಗೇ ಆಯಿತು.

"ಏನ್ರಿ ಅಣ್ಣಾರ, ಬಾಜೂಕ ಏನೈತಿ ಗೊತ್ತೈತಿಲ್ರಿ?" ಎಂದು ಕೇಳಿದೆ.

ಅವರು ಕಿವಿಯವರೆಗೆ ನಕ್ಕರು. "ಗೊತ್ತಾಗೇ ಬಂದೇನ್ರಿ. ಸಂತಿ ಹೆಣ್ಣಮಕ್ಕಳೆಲ್ಲಾ ವಾರಾ ವಾರಾ ಈ ಕಡೆ ಬರ್ತಾರಂದ್ರ ಅಲ್ಲೆ ಚಹಾ, ಮಿರ್ಚಿ ಭಜಿ ಇಡಬೇಕೋ ಬ್ಯಾಡೋ? ಇಷ್ಟ ದಿನಾ ಅವರು ನನ್ನ ಅಂಗಡಿಗೆ ಬರ್ತಾನ ಇರಲಿಲ್ಲ. ಯಾಕ ಅಂತ ಆಮ್ಯಾಲ ತಿಳೀತು." ದನಿ ತಗ್ಗಿಸಿ, "ಸ್ವಚ್ಛ ಮಾತ್ರ ಇಡಸ್ರಿ ಮತ್ತ. ಇಲ್ಲಂದ್ರ ಮೊದಲ ನಾನ ಬಂದ ನಿಮ್ಮ ಮೇಜ ಬಡೀತೀನಿ" ಎಂದರು. ಬೀಗ ಬೀಳದಂತೆ ಕಾಯಲು ಇದಕ್ಕಿಂತ ಗಟ್ಟಿ ಆಳು ನಮಗೆ ಸಿಗುತ್ತಿರಲಿಲ್ಲ.

ಉದ್ಘಾಟನೆಯನ್ನು ಬೇಕೆಂತಲೇ ಸಂತೆಯ ದಿನ ಇಟ್ಟೆವು. ಮಾವಿನ ತೋರಣ, ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು, ಬೆಳ್ಳಿ ತಟ್ಟೆಯಲ್ಲಿ ಕತ್ತರಿ. ದೊಡ್ಡ ಅತಿಥಿಯೊಬ್ಬರು ಬರಬೇಕಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. 'ಗದಗ ಬಿಟ್ಟಿದ್ದಾರೆ' ಎಂಬ ಫೋನು ಮೂರು ಸಲ ಬಂತು. ಬಿಸಿಲು ನೆತ್ತಿಗೇರಿತು. ಬುಟ್ಟಿಗಳನ್ನು ಕಟ್ಟೆಯ ಮೇಲೆ ಸರಿಸಿಟ್ಟು ಹೆಂಗಸರು ರಿಬ್ಬನ್ನಿನ ಈಚೆ ಸಾಲಾಗಿ ನಿಂತಿದ್ದರು. ಒಳಗಿನ ಹೊಸ ನಲ್ಲಿಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಮುಂದಿದ್ದ ಸೊಪ್ಪಿನವಳು ಅಧ್ಯಕ್ಷೆಯ ಕಿವಿಯ ಹತ್ತಿರ ಬಂದು ಹೇಳಿದಳು. ಗುಟ್ಟಾಗಿ ಹೇಳಿದಳೆಂದು ಅವಳ ಲೆಕ್ಕ. ಅಧ್ಯಕ್ಷೆಯ ಮುಂದೆ ನಿಲ್ಲಿಸಿದ್ದ ಮೈಕು ಅದನ್ನು ಊರಿಗೆಲ್ಲ ಸಾರಿತು.

"ಸಾಹೇಬ್ರು ಬರೂತನಕ ನಮಗ ತಡಿಯಾಂಗಿಲ್ಲ, ತಂಗಿ."

ಅಧ್ಯಕ್ಷೆ ನನ್ನನ್ನು ನೋಡಿದರು. ನಾನು ಮುಖ್ಯಾಧಿಕಾರಿಗಳನ್ನು ನೋಡಿದೆ. ಶಿಷ್ಟಾಚಾರದ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲಿಸದ ಮನುಷ್ಯ, ತೋರಣದ ಎಲೆಗಳನ್ನು ಎಣಿಸುವವರಂತೆ ಮೇಲೆ ನೋಡತೊಡಗಿದರು. ಅಧ್ಯಕ್ಷೆ ಕತ್ತರಿ ಮುಟ್ಟಲಿಲ್ಲ. ರಿಬ್ಬನ್ನಿನ ಒಂದು ತುದಿಯನ್ನು ಹಿಡಿದು ಎರಡೂ ಕೈಯಿಂದ ಮೇಲೆತ್ತಿದರು. ಇನ್ನೊಂದು ತುದಿ ಜೋತಾಡುತ್ತಿತ್ತು. ಹಿರಿಯ ಸದಸ್ಯರು ದಡದಡ ಬಂದು ಅದನ್ನು ತಮ್ಮ ತಲೆಯೆತ್ತರಕ್ಕೆ ಎತ್ತಿ ಹಿಡಿದರು. ಮುಖವನ್ನು ಮಾತ್ರ ಮರ್ಯಾದೆಯಿಂದ ರಸ್ತೆಯ ಕಡೆ ತಿರುಗಿಸಿಕೊಂಡಿದ್ದರು.

"ಬರ್ರಿ, ಬರ್ರಿ, ಜಲ್ದಿ ಬರ್ರಿ!"

ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ನೂಕುತ್ತ, ತಲೆ ತಗ್ಗಿಸಿ ಒಳಗೆ ನುಗ್ಗಿದರು. ಬಾಣಂತಿ ಕೂಸನ್ನೆತ್ತಿಕೊಂಡು ಸೀದಾ ತನ್ನ ಕೋಣೆಗೆ ಹೋದಳು. ಒಳಗೆ ಎಲ್ಲ ನಲ್ಲಿಗಳೂ ಒಮ್ಮೆಗೇ ತೆರೆದುಕೊಂಡ ಸದ್ದು. ಯಾರೋ, "ಅಯ್ಯ, ಕನ್ನಡಿ ಬ್ಯಾರೆ ಹಚ್ಯಾರಲೇ!" ಎಂದು ಕೂಗಿದ್ದು ಮೈಕಿಲ್ಲದೆಯೂ ಕೇಳಿತು.

ಆ ಹೊತ್ತಿಗೇ ಗೇಟಿನಲ್ಲಿ ಕಾರುಗಳು ನಿಂತವು. ಅತಿಥಿಗಳು ಹಾರ ಹಾಕಿಸಿಕೊಂಡು ಬೇಗಬೇಗ ಬಂದರು. ತಟ್ಟೆಯಲ್ಲಿದ್ದ ಕತ್ತರಿ ಎತ್ತಿಕೊಂಡರು. ರಿಬ್ಬನ್ನು ಇನ್ನೂ ತುಂಡಾಗದೆ ಇದ್ದದ್ದು ಕಂಡು ಅವರಿಗೆ ಸಮಾಧಾನವಾದಂತಿತ್ತು.

"ತಡಾ ಆತು, ತಪ್ಪ ತಿಳೀಬ್ಯಾಡ್ರಿ. ಉದ್ಘಾಟನಿ ಇನ್ನೂ ಆಗಿಲ್ಲಲ್ಲ?"

"ಆಗೇತ್ರಿ ಸಾಹೇಬ್ರ" ಎಂದರು ಅಧ್ಯಕ್ಷೆ, ರಿಬ್ಬನ್ನನ್ನು ಎತ್ತಿ ಹಿಡಿದುಕೊಂಡೇ. "ಒಳಗ ಮಂದಿ ಐತಿ. ನೀವು ಸ್ವಲ್ಪ ನಿಂದ್ರಬೇಕಾಕ್ಕೈತಿ."

ಅವರು ಕತ್ತರಿ ಹಿಡಿದುಕೊಂಡು ನಿಂತರು.